ಹಬ್ಬದೂಟ ಮಾಡಿ, ಆದರೆ ಎರಡು ಊಟದ ನಡುವೆ ಹೊಟ್ಟೆಗೆ ಬಿಡುವು ಕೊಡಿ

ಪ್ರಶ್ನೆ: ಹಬ್ಬ, ರಜೆ ಬಂತೆಂದರೆ ನಾಲ್ಕೈದು ದಿನ ಮನೆ ತುಂಬ ನೆಂಟರು, ದಿನಾ ಭರ್ಜರಿ ಊಟ. ಮೂರನೇ ದಿನಕ್ಕೆ ನನ್ನ ಹೊಟ್ಟೆ ಕೈಕೊಡುತ್ತದೆ. ಎದೆಯುರಿ, ಹೊಟ್ಟೆ ಉಬ್ಬರ, ಆಮೇಲೆ ಮಲಬದ್ಧತೆ. ಮಧ್ಯಾಹ್ನ ದೊಡ್ಡ ಊಟ ಇದೆ ಅಂತ ಬೆಳಗ್ಗೆ ನಾನು ಏನೂ ತಿನ್ನುವುದಿಲ್ಲ. ಊಟ ಆದಮೇಲೆ ಒಂದು ಗ್ಯಾಸ್ ಮಾತ್ರೆಯನ್ನೂ ನುಂಗುತ್ತೇನೆ. ಆದರೂ ಯಾಕೆ ಹೀಗೆ? ಊಟ ಬಿಡದೆ ಹೊಟ್ಟೆ ಕಾಪಾಡಿಕೊಳ್ಳುವ ದಾರಿ ಇದೆಯೇ? ಅಂದ ಹಾಗೆ, 66 ವರ್ಷದ ನಮ್ಮ ಮಾವನವರಿಗೂ ಊಟ ಮಾಡಿ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದಂತೆ. ಗ್ಯಾಸ್ ಅನ್ನುತ್ತಾರೆ. ಅವರಿಗೂ ಅದೇ ಮಾತ್ರೆ ಕೊಡಬಹುದಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮಾವನವರಿಗೆ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಹಬ್ಬದವರೆಗೂ ಕಾಯದೆ ಈಗಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆ ಬಿಗಿತವನ್ನು ಮೊದಲು ಹೃದಯದ್ದು ಅಂತಲೇ ತಿಳಿದು ಪರೀಕ್ಷೆ ಮಾಡಿಸಬೇಕು. ಹೃದಯದ ರಕ್ತನಾಳ ಕಿರಿದಾಗಿದ್ದರೆ ಹೀಗೆ ಆಗುತ್ತದೆ. ಊಟ ಆದಮೇಲೆ ಕರುಳಿಗೆ ಹೆಚ್ಚು ರಕ್ತ ಬೇಕು, ಹೃದಯಕ್ಕೆ ಕೆಲಸ ಜಾಸ್ತಿ. ಆ ಹೊತ್ತಿನಲ್ಲೇ ಮೆಟ್ಟಿಲು ಹತ್ತಿದರೆ ಬಿಗಿತ ಬೇಗ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಊಟದ ಮೇಲೆ, ಗ್ಯಾಸಿನ ಮೇಲೆ ತಪ್ಪು ಹೊರಿಸುತ್ತಾರೆ. ಇನ್ನು, ಸುಮ್ಮನೆ ಕೂತಿದ್ದಾಗಲೇ ಬಿಗಿತ ಬಂದು, ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಡುವ ನೋವು ಜೊತೆಗಿದ್ದರೆ ಆಗ ಪರೀಕ್ಷೆಗೆ ದಿನ ನೋಡುವ ಮಾತೇ ಇಲ್ಲ. ಆ ಗಳಿಗೆಯಲ್ಲೇ ಆಂಬುಲೆನ್ಸ್ ಕರೆಯಬೇಕು.

ಈಗ ನಿಮ್ಮ ಹೊಟ್ಟೆಯ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಿಮಗೆ ತೊಂದರೆ ಕೊಡುತ್ತಿರುವುದು ಆ ದೊಡ್ಡ ಊಟ ಒಂದೇ ಅಲ್ಲ. ಅದರ ಹಿಂದೆ ಮುಂದೆ ನೀವು ಮಾಡುವ ಕೆಲಸಗಳು. ಬೆಳಗ್ಗೆಯಿಡೀ ಉಪವಾಸ, ಮಧ್ಯಾಹ್ನ ಗಬಗಬ ಊಟ, ಕೂಡಲೇ ನಿದ್ದೆ, ಸಂಜೆಯಿಡೀ ಬಾಯಾಡಿಸುವುದು, ರಾತ್ರಿ ತಡವಾಗಿ ಮತ್ತೊಂದು ಊಟ. ಆರೋಗ್ಯವಾಗಿರುವ ಹೊಟ್ಟೆ ಒಂದು ಭಾರಿ ಊಟವನ್ನು ತಡೆದುಕೊಳ್ಳುತ್ತದೆ. ಬಿಡುವೇ ಇಲ್ಲದ ನಾಲ್ಕು ದಿನವನ್ನು ತಡೆದುಕೊಳ್ಳುವುದು ಕಷ್ಟ.

ಬೆಳಗಿನ ಉಪವಾಸವನ್ನೇ ನೋಡಿ. ಮಧ್ಯಾಹ್ನಕ್ಕೆ ಜಾಗ ಉಳಿಸುವ ಲೆಕ್ಕ ನಿಮ್ಮದು. ಖಾಲಿ ಜಠರದಲ್ಲಿ ಹಿಡಿಯುವುದು 100 ಮಿಲಿಲೀಟರ್‌ಗಿಂತಲೂ ಕಡಿಮೆ. ತಿನ್ನಲು ಶುರು ಮಾಡಿದ ಕೂಡಲೇ ಅದರ ಮೇಲ್ಭಾಗ ತಾನೇ ಸಡಿಲವಾಗಿ 1ರಿಂದ 1.5 ಲೀಟರ್‌ವರೆಗೆ ಹಿಗ್ಗುತ್ತದೆ. ಅಂದರೆ ಜಾಗ ಉಳಿಸುವ ಅಗತ್ಯವೇ ಇಲ್ಲ. ಉಪವಾಸದಿಂದ ಆಗುವುದು ಒಂದೇ: ತಟ್ಟೆ ಮುಂದೆ ಕೂತಾಗ ಹಸಿವು ಕೆರಳಿರುತ್ತದೆ, ಕೈ ಬೇಗ ಓಡುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟಲು ಸುಮಾರು 15ರಿಂದ 20 ನಿಮಿಷ ಬೇಕು. ಹತ್ತೇ ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವರಿಗೆ ಆ ಸುದ್ದಿ ಸಿಗುವುದು ಎರಡನೇ ಸಲ ಬಡಿಸಿಕೊಂಡ ಮೇಲೆ.

ಬೆಳಗ್ಗೆ ಹಗುರವಾಗಿ ಏನಾದರೂ ತಿನ್ನಿ. ಒಂದು ಹಣ್ಣು, ಬೇಯಿಸಿದ ಕಾಳು ಅಥವಾ ಒಂದು ಮೊಟ್ಟೆ, ಸ್ವಲ್ಪ ಮೊಸರು, ಇಷ್ಟಾದರೆ ಸಾಕು. ಕಾಳು ತಿಂದರೆ ಇನ್ನೊಂದು ಲಾಭ ಇದೆ. ಅದರ ನಾರು ಮತ್ತು ನಿಧಾನವಾಗಿ ಕರಗುವ ಪಿಷ್ಟದಿಂದಾಗಿ ಮುಂದಿನ ಊಟದಲ್ಲಿ ಸಕ್ಕರೆ ಏರುವುದೂ ಸ್ವಲ್ಪ ತಗ್ಗುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಂತೂ ದೊಡ್ಡ ಊಟಕ್ಕೆಂದು ತಿಂಡಿ ಬಿಡಲೇಬಾರದು. ಊಟ ಎರಡು ಗಂಟೆ ತಡವಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಬ್ಬದ ಊಟ ಹೇಳಿದ ಹೊತ್ತಿಗೆ ಆಗುವುದು ಎಲ್ಲಾದರೂ ಉಂಟಾ?

ಇನ್ನು ಊಟ. ಹಬ್ಬದೂಟದಲ್ಲಿ ಎಲ್ಲಕ್ಕಿಂತ ನಿಧಾನ ಜಿಡ್ಡು. ಎಣ್ಣೆ, ಬೆಣ್ಣೆ, ಕೆನೆ ಸಣ್ಣ ಕರುಳಿಗೆ ತಲುಪಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ಹೊರಟು, ‘ಸ್ವಲ್ಪ ತಡಿ, ಇದನ್ನು ಮುಗಿಸುತ್ತೇನೆ’ ಎಂದು ಜಠರಕ್ಕೆ ಹೇಳುತ್ತದೆ. ಜಠರ ನಿಧಾನವಾಗುತ್ತದೆ. ಸಾಧಾರಣ ಊಟ ಜಠರ ಬಿಡಲು ನಾಲ್ಕು ಗಂಟೆ ಸಾಕಾದರೆ, ಜಿಡ್ಡು ತುಂಬಿದ ದೊಡ್ಡ ಊಟಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಇದನ್ನು ಕಣ್ಣಾರೆ ನೋಡಿದವರೇ ಇದ್ದಾರೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಬಂದೂಕಿನ ಗುಂಡು ತಗುಲಿತು. ಗಾಯ ವಾಸಿಯಾಯಿತು, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ಅವನಿಗೆ ಚಿಕಿತ್ಸೆ ಕೊಟ್ಟ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್, ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದರು. ಎಣ್ಣೆ ಜಿಡ್ಡಿನ ಆಹಾರ ನಿಧಾನ ಎಂದು ಬರೆದರು. ಆ ತರುಣನಿಗೆ ಸಿಟ್ಟು ಬಂದಾಗ ಜೀರ್ಣವೂ ಕೆಡುತ್ತದೆ ಎಂದೂ ಬರೆದರು. ನೆಂಟರ ಜೊತೆ ಆಸ್ತಿ ಮಾತು ಬೇಕಿದ್ದರೆ ಊಟ ಮುಗಿದ ಮೇಲೆ ಇಟ್ಟುಕೊಳ್ಳಿ!

ಹಾಗಂತ ಕರಿದದ್ದು ಬೇಡ, ಸಿಹಿ ಬೇಡ ಎಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಅದನ್ನೇ ಅಲ್ವಾ ಕಾಯುವುದು. ಕರಿದದ್ದು ಮೂರು ಬಗೆ ಇದ್ದರೆ ನಿಮಗೆ ನಿಜವಾಗಿ ಇಷ್ಟವಾದ ಒಂದನ್ನು ಆರಿಸಿಕೊಳ್ಳಿ. ಉಳಿದ ಎರಡನ್ನು ಬಿಟ್ಟರೆ ನಷ್ಟ ಇಲ್ಲ. ಬಗೆಬಗೆ ಇದ್ದಷ್ಟೂ ನಾವು ಜಾಸ್ತಿ ತಿನ್ನುತ್ತೇವೆ. ಒಂದೇ ರುಚಿ ತಿಂದು ತಿಂದು ಸಾಕಾದ ನಾಲಿಗೆಗೆ ಬೇರೆ ರುಚಿ ಸಿಕ್ಕ ಕೂಡಲೇ ಆಸೆ ಮತ್ತೆ ಹುಟ್ಟುತ್ತದೆ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಇದನ್ನು 1981ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಊಟ ಕಂಠಮಟ್ಟ ಆದಮೇಲೂ ಸಿಹಿಗೆ ಜಾಗ ಇರುತ್ತದಲ್ಲ, ಅದರ ಗುಟ್ಟು ಇದೇ. ಹಾಗಾಗಿ ಸಿಹಿ ತಿನ್ನುವ ಆಸೆ ಇದ್ದರೆ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಅನ್ನವನ್ನೋ ರೊಟ್ಟಿಯನ್ನೋ ಆ ಮಟ್ಟಿಗೆ ಕಡಿಮೆ ಹಾಕಿಸಿಕೊಳ್ಳಿ. ಮೊದಲು ತರಕಾರಿ ಮತ್ತು ಕಾಳು, ಮಾಂಸ ತಿನ್ನುವವರಾದರೆ ಅದೂ, ಆಮೇಲೆ ಅನ್ನ ಅಥವಾ ರೊಟ್ಟಿ. ಇದೇ ಊಟವನ್ನು ಈ ಕ್ರಮದಲ್ಲಿ ತಿಂದರೆ ರಕ್ತದ ಸಕ್ಕರೆ ಕಡಿಮೆ ಏರುತ್ತದೆ.

ಬಡಿಸುವವರ ಒತ್ತಾಯಕ್ಕೆ ಏನು ಮಾಡುವುದು? ತಟ್ಟೆ ಪೂರ್ತಿ ಖಾಲಿಯಾಗಲು ಬಿಡಬೇಡಿ. ಖಾಲಿ ತಟ್ಟೆ ಕಂಡರೆ ಬಡಿಸುವವರ ಕೈ ನಿಲ್ಲುವುದಿಲ್ಲ. ಮೊದಲ ಸಲ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡು, ಇಷ್ಟವಾದದ್ದನ್ನು ನೀವೇ ಬಾಯಿಬಿಟ್ಟು ಎರಡನೇ ಸಲ ಕೇಳಿ. ಮಾಡಿದವರಿಗೂ ಖುಷಿ, ನಿಮ್ಮ ಹೊಟ್ಟೆಯೂ ಬಚಾವು. ಊಟದ ಜೊತೆ ನೀರು ಕುಡಿದರೆ ಜೀರ್ಣರಸ ತೆಳುವಾಗುತ್ತದೆ ಅನ್ನುವುದನ್ನು ತಲೆಯಿಂದ ತೆಗೆಯಿರಿ, ಒಂದು ಲೋಟ ನೀರಿನಿಂದ ಏನೂ ಆಗುವುದಿಲ್ಲ. ನೊರೆ ಬರುವ ತಂಪು ಪಾನೀಯ ಬೇಡ. ಮೊದಲೇ ತುಂಬಿದ ಜಠರಕ್ಕೆ ಅದು ಗಾಳಿ ತುಂಬುತ್ತದೆ, ಅಷ್ಟೆ.

ನಿಮ್ಮ ಎದೆಯುರಿಯ ಮೂಲ ಊಟ ಮುಗಿದ ನಂತರದ ಎರಡು ಮೂರು ಗಂಟೆಯಲ್ಲಿದೆ ಅಂತ ನನ್ನ ಅಂದಾಜು. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಆಹಾರ ಜಠರದಲ್ಲಿ ಆಮ್ಲದ ಜೊತೆ ಕಲೆಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದರೆ ಊಟ ಆದ ಹೊಸತರಲ್ಲಿ ಪೂರ್ತಿ ಕಲೆಯುವುದಿಲ್ಲ. ಕೆಳಗೆ ಆಹಾರದ ರಾಶಿ. ಹೊಸದಾಗಿ ಸುರಿದ ಆಮ್ಲ ಅದರ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತದೆ, ಅದೂ ಅನ್ನನಾಳದ ಬಾಗಿಲ ಬುಡದಲ್ಲೇ. ಇತ್ತ ಹಿಗ್ಗಿದ ಜಠರ, ಗಾಳಿ ಹೊರಬಿಡಲು ಆ ಬಾಗಿಲನ್ನು ಆಗಾಗ ಸಡಿಲ ಮಾಡುತ್ತಿರುತ್ತದೆ. ತೇಗು ಬರುವುದು ಹೀಗೆಯೇ. ನೀವು ನೆಟ್ಟಗೆ ಕೂತಿದ್ದರೆ ಬರೀ ಗಾಳಿ ಹೊರಬರುತ್ತದೆ. ಮಲಗಿದ್ದರೆ ಗಾಳಿಯ ಜೊತೆ ಆ ಆಮ್ಲವೂ ಮೇಲಕ್ಕೆ ಹರಿಯುತ್ತದೆ. ಜಿಡ್ಡು, ಚಾಕೊಲೇಟು, ಪುದೀನ, ಮದ್ಯ ಇವೆಲ್ಲ ಬಾಗಿಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಬಟ್ಟೆ ಕೆಳಗಿನಿಂದ ಒತ್ತುತ್ತದೆ. ಹಬ್ಬದ ಮಧ್ಯಾಹ್ನ ಇವೆಲ್ಲ ಒಟ್ಟಿಗೇ ಸೇರುತ್ತವೆ.

ಆದ್ದರಿಂದ ಊಟ ಆದಮೇಲೆ ಕನಿಷ್ಠ ಮೂರು ಗಂಟೆ ಅಡ್ಡಾಗಬೇಡಿ. ತೂಕಡಿಕೆ ತಡೆಯಲಾಗದಿದ್ದರೆ ಒರಗು ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚಿ. 10–15 ನಿಮಿಷ ನಿಧಾನವಾಗಿ ನಡೆಯಿರಿ. ಸಕ್ಕರೆಗೂ ಒಳ್ಳೆಯದು, ಉಬ್ಬರಕ್ಕೂ ಒಳ್ಳೆಯದು. ಬಿರುಸಿನ ವ್ಯಾಯಾಮ ಬೇಡ, ಬಗ್ಗಿ ಭಾರ ಎತ್ತುವ ಕೆಲಸವೂ ಬೇಡ. ಪಾತ್ರೆ ತೊಳೆಯಲು ನಿಂತುಕೊಂಡರೆ ಅದೂ ಸರಿ, ಮನೆಯ ಗಂಡಸರಿಗೆ ಈ ಸಲಹೆಯನ್ನು ವಿಶೇಷವಾಗಿ ಓದಿ ಹೇಳಿ. ರಾತ್ರಿ ಮಲಗುವಾಗ ಎಡಮಗ್ಗುಲಾಗಿ ಮಲಗಿ. ಆಗ ಜಠರ ಅನ್ನನಾಳಕ್ಕಿಂತ ಕೆಳಗೆ ಇರುತ್ತದೆ, ಮೇಲೆ ಬಂದ ಆಮ್ಲವೂ ಬೇಗ ಇಳಿಯುತ್ತದೆ. ಪದೇಪದೇ ಉರಿ ಬರುವವರು ಮಂಚದ ತಲೆಭಾಗದ ಕಾಲುಗಳ ಕೆಳಗೆ ಗಟ್ಟಿಯಾದದ್ದೇನಾದರೂ ಇಟ್ಟು 15–20 ಸೆಂಟಿಮೀಟರ್ ಎತ್ತರಿಸಬಹುದು. ಒಂದರ ಮೇಲೊಂದು ದಿಂಬು ಇಟ್ಟರೆ ಪ್ರಯೋಜನ ಇಲ್ಲ. ಕತ್ತು ಬಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ.

ಉಬ್ಬರಕ್ಕೆ ಬರೋಣ. ಹೊಟ್ಟೆ ಖಾಲಿ ಇದ್ದಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಿಂದ ಸಣ್ಣ ಕರುಳಿನ ಕೊನೆಯವರೆಗೆ ಒಂದು ಬಲವಾದ ಅಲೆ ಹೋಗುತ್ತದೆ. ಮನೆಯ ಕಸ ಗುಡಿಸಿದ ಹಾಗೆ, ಉಳಿದ ಚೂರು ಪಾರು, ಬ್ಯಾಕ್ಟೀರಿಯಾ ಎಲ್ಲವನ್ನೂ ಅದು ಮುಂದಕ್ಕೆ ತಳ್ಳುತ್ತದೆ. ಹಸಿದಾಗ ಹೊಟ್ಟೆ ಗುರುಗುಟ್ಟುವ ಸದ್ದಿನಲ್ಲಿ ಇದರ ಪಾಲೂ ಇದೆ. ನೀವು ಒಂದು ತುಣುಕು ಸಿಹಿ ಬಾಯಿಗೆ ಹಾಕಿದ ಕೂಡಲೇ ಈ ಅಲೆ ನಿಲ್ಲುತ್ತದೆ. ಜೀರ್ಣದ ಕೆಲಸ ಮತ್ತೆ ಶುರು. ಹಬ್ಬದ ಮನೆಯಲ್ಲಿ ಮೇಜಿನ ಮೇಲೆ ತಿಂಡಿ ಡಬ್ಬಿ ತೆರೆದೇ ಇರುತ್ತದೆ. ಹೋಗುವಾಗ ಒಂದು, ಬರುವಾಗ ಒಂದು. ಹೀಗೆ ಬೆಳಗಿನಿಂದ ರಾತ್ರಿವರೆಗೆ ಗುಡಿಸುವ ಕೆಲಸ ನಡೆಯುವುದೇ ಇಲ್ಲ. ನೀವು ಒಂದೇ ಒಂದು ನಿಯಮ ಪಾಲಿಸುವುದಾದರೆ ಇದನ್ನು ಪಾಲಿಸಿ: ಎರಡು ಊಟದ ನಡುವೆ ನಾಲ್ಕು ಗಂಟೆ ನೀರು ಬಿಟ್ಟು ಏನೂ ಬೇಡ. ಡಬ್ಬಿಯ ತಿಂಡಿ ಬೇಕಿದ್ದರೆ ಊಟದ ಜೊತೆಯಲ್ಲೇ ತಿನ್ನಿ. ಮಧ್ಯಾಹ್ನದ ಊಟ ಭಾರಿಯಾಗಿ ರಾತ್ರಿ ಹಸಿವೇ ಇಲ್ಲದಿದ್ದರೆ, ಬಿಟ್ಟುಬಿಡಿ. ಗಡಿಯಾರ ನೋಡಿ ಉಣ್ಣಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರು ಹೇಳಿದ ಹೊತ್ತಿಗೆ ಉಣ್ಣಬೇಕು.

ಗಾಳಿ ತುಂಬುವುದಕ್ಕೆ ಬೇರೆ ಕಾರಣಗಳೂ ಇವೆ. ಕಾಳು, ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಕರುಳು ಒಡೆಯಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಅದು ರೋಗವಲ್ಲ, ದಿನಕ್ಕೆ ಹತ್ತು ಹದಿನೈದು ಸಲ ಗಾಳಿ ಹೋಗುವುದು ಮಾಮೂಲು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ತೊಂದರೆ ಇಳಿಯುತ್ತದೆ. ಹಾಲಿನ ಸಿಹಿ ತಿಂದರೆ ಹೊಟ್ಟೆ ನುಲಿಯುವವರಿಗೆ ಹಾಲಿನ ಸಕ್ಕರೆ ಒಗ್ಗುತ್ತಿಲ್ಲದೆ ಇರಬಹುದು. ಅವರೂ ಒಂದು ಲೋಟ ಹಾಲಿನಷ್ಟನ್ನು ಊಟದ ಜೊತೆ ಸಾಮಾನ್ಯವಾಗಿ ತಡೆದುಕೊಳ್ಳುತ್ತಾರೆ, ಮೊಸರು ಇನ್ನೂ ಸಲೀಸು. ‘ಶುಗರ್ ಫ್ರೀ’ ಸಿಹಿಯ ಬಗ್ಗೆ ಎಚ್ಚರ. ಅದರಲ್ಲಿ ಸಕ್ಕರೆ ಬದಲು ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್ ಇದ್ದರೆ ನಾಲ್ಕು ತಿಂದವರಿಗೆ ಉಬ್ಬರವೂ ಆಗಬಹುದು, ಭೇದಿಯೂ ಆಗಬಹುದು. ಸಕ್ಕರೆ ಇಲ್ಲ ಅಂತ ಅದನ್ನೇ ಜಾಸ್ತಿ ತಿನ್ನುವುದು ಬೇರೆ.

ಮಲಬದ್ಧತೆಗೆ ದೊಡ್ಡ ಗುಟ್ಟೇನೂ ಇಲ್ಲ. ನಾರು ಕಡಿಮೆ, ನೀರು ಕಡಿಮೆ, ನಿದ್ದೆ ಏರುಪೇರು, ಮನೆ ತುಂಬ ಜನ, ಶೌಚಾಲಯದ ಮುಂದೆ ಸಾಲು. ಬೆಳಗಿನ ತಿಂಡಿ ಆದ ಕೂಡಲೇ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಕರೆಯನ್ನು ನೆಂಟರಿಗೋಸ್ಕರ ತಡೆದಿಟ್ಟರೆ ಅದು ಸುಮ್ಮನಾಗಿಬಿಡುತ್ತದೆ. ಬೆಳಗ್ಗೆ ಉಪವಾಸ ಬೇಡ ಎನ್ನಲು ಇದು ಇನ್ನೊಂದು ಕಾರಣ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ‘ಊಟ ಭಾರ ಆಯಿತು’ ಎಂದು ವಾಂತಿ, ಭೇದಿಯಿಂದ ಬರುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಅಜೀರ್ಣವಲ್ಲ, ಕೆಟ್ಟ ಆಹಾರದ ತೊಂದರೆ. ನೆಂಟರಿಗೆಲ್ಲ ಆಗುವಷ್ಟು ಅನ್ನ ಒಂದೇ ದೊಡ್ಡ ಪಾತ್ರೆಯಲ್ಲಿದೆ ಅಂದುಕೊಳ್ಳಿ. ಒಲೆ ಆರಿಸಿ ಮೂರು ಗಂಟೆ ಆಗಿದೆ. ಮೇಲೆ ಮುಟ್ಟಿದರೆ ತಣ್ಣಗಿದೆ. ನಡುವೆ ಸೌಟು ಹಾಕಿ ತೋಡಿದರೆ ಇನ್ನೂ ಬೆಚ್ಚಗೆ. ಆ ಬೆಚ್ಚಗಿನ ಜಾಗವೇ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು. ಅಕ್ಕಿಯಲ್ಲಿ ಸಹಜವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿದ್ದಾಗ ಅದು ಮೊಳೆತು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಾಂತಿ ತರಿಸುವ ಆ ವಿಷ ಮಾತ್ರ ಹಾಗೇ ಉಳಿಯುತ್ತದೆ. ಬಡಿಸುವವರ ಕೈಯಿಂದ ಸೇರುವ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್‌ನ ವಿಷವೂ ಅಂಥದ್ದೇ. ತಿಂದು ಕೆಲವೇ ಗಂಟೆಯಲ್ಲಿ ಒಂದೇ ಸಮನೆ ವಾಂತಿ ಶುರುವಾದರೆ ಇವುಗಳ ಮೇಲೆ ಅನುಮಾನ ಪಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಸರಳ: ಮಾಡಿದ ಅಡುಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಅಂದರೆ ಕೋಣೆಯ ಬಿಸಿಯಲ್ಲಿ, 2 ಗಂಟೆಗಿಂತ ಹೆಚ್ಚು ಇರಬಾರದು. ಉಳಿಯುತ್ತದೆ ಎಂದು ಗೊತ್ತಾದ ಕೂಡಲೇ ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ತೆಳುವಾಗಿ ಹರಡಿ ಫ್ರಿಜ್‌ನಲ್ಲಿಡಿ. ದೊಡ್ಡ ಪಾತ್ರೆಯನ್ನೇ ಎತ್ತಿ ಇಟ್ಟರೆ ನಡುವಿನ ಬಿಸಿ ಆರಲು ತಾಸುಗಟ್ಟಲೆ ಬೇಕು. ಮಾರನೇ ದಿನ ಎಷ್ಟು ಬೇಕೋ ಅಷ್ಟನ್ನೇ ತೆಗೆದು, ಎಲ್ಲ ಕಡೆ ಹೊಗೆಯಾಡುವಷ್ಟು ಕಾಯಿಸಿ. ಉಳಿದದ್ದನ್ನು ‘ದಂಡ ಆಗುತ್ತದೆ’ ಎಂದು ಮನೆಯ ಹಿರಿಯರು ತಿನ್ನುವುದನ್ನು ನಿಲ್ಲಿಸಿ. ವಾಂತಿ ಭೇದಿ ಆದರೆ ಹೆಚ್ಚು ಅಪಾಯ ಅವರಿಗೇ. ಅಂಥ ಹೊತ್ತಿಗೆ ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪಿನ ಅಳತೆ ಹೆಚ್ಚಾಗಬಾರದು.

ಈಗ ನಿಮ್ಮ ಮಾತ್ರೆ. ‘ಗ್ಯಾಸ್ ಮಾತ್ರೆ’ ಎಂದು ನೀವು ನುಂಗುವುದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಆಗಿದ್ದರೆ, ಊಟದ ನಂತರ ತೆಗೆದುಕೊಂಡು ಹೆಚ್ಚು ಪ್ರಯೋಜನ ಇಲ್ಲ. ಅವು ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚುತ್ತವೆ. ಅದಕ್ಕೆ ಊಟಕ್ಕೆ 30ರಿಂದ 60 ನಿಮಿಷ ಮುಂಚೆ ಹೊಟ್ಟೆಗೆ ಹೋಗಿರಬೇಕು. ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು. ಒಂದು ದಿನದ ಉರಿಗೆ ಅವು ಹೇಳಿ ಮಾಡಿಸಿದ ಮದ್ದಲ್ಲ. ಆ ಹೊತ್ತಿನ ಉರಿಗೆ ದ್ರವ ರೂಪದ ಆಂಟಾಸಿಡ್ (ಆಮ್ಲ ತಗ್ಗಿಸುವ ಮದ್ದು) ಸಾಕು, ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಆಲ್ಜಿನೇಟ್ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಮೇಲೆ ತೇಲುವ ಆ ಆಮ್ಲದ ಪದರದ ಮೇಲೇ ಕೆನೆಯ ಹಾಗೆ ಕಟ್ಟಿಕೊಂಡು ಬಾಗಿಲು ಮುಚ್ಚುತ್ತದೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಆಂಟಾಸಿಡ್ ಜೊತೆ ಅವನ್ನು ನುಂಗಬಾರದು, ಕೆಲವು ಗಂಟೆ ಅಂತರ ಬೇಕು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಆಂಟಾಸಿಡ್ ಮುಟ್ಟಬಾರದು.

ನೀರಿಗೆ ಹಾಕಿದರೆ ಬುಸ್ ಎಂದು ನೊರೆ ಬರುವ ಪುಡಿ ನನಗೆ ಇಷ್ಟವಿಲ್ಲ. ತೇಗು ಬಂದು ಹಗುರ ಅನ್ನಿಸುತ್ತದೆ, ನಿಜ. ಆದರೆ ಆ ತೇಗಿನ ಗಾಳಿಯಲ್ಲಿ ಹೆಚ್ಚಿನದು ಪುಡಿಯಿಂದಲೇ ಹುಟ್ಟಿದ್ದು. ಜೊತೆಗೆ ಸೋಡಿಯಂ ಬೇಕಾದಷ್ಟಿದೆ, ಬಿಪಿ ಮತ್ತು ಹೃದಯದ ತೊಂದರೆ ಇದ್ದವರಿಗೆ ಒಳ್ಳೆಯದಲ್ಲ. ಕಂಠಮಟ್ಟ ಉಂಡ ಮೇಲೆ ಅಡುಗೆ ಸೋಡಾ ಕಲಸಿ ಕುಡಿಯುವುದಂತೂ ಬೇಡವೇ ಬೇಡ. ಹಾಗೆ ಕುಡಿದು ಜಠರವೇ ಒಡೆದ ಅಪರೂಪದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಜೀರ್ಣದ ಕಿಣ್ವಗಳ ಮಾತ್ರೆ ಮೇದೋಜೀರಕ ಗ್ರಂಥಿ ಸೋತವರಿಗೆ ಬೇಕು, ನಿಮಗೆ ಬೇಡ. ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ ಕುಡಿಯುತ್ತೀರಾ? ಕುಡಿಯಿರಿ. ವಾಕರಿಕೆಗೆ ಒಳ್ಳೆಯದು.

ಹಬ್ಬ ಮುಗಿದ ಮೇಲೆ ‘ಡಿಟಾಕ್ಸ್’ ಎಂದು ಎರಡು ದಿನ ಬರೀ ಜ್ಯೂಸ್ ಕುಡಿಯುವ ಕೆಲಸ ಬೇಡ. ಲಿವರ್, ಕಿಡ್ನಿ ಆ ಕೆಲಸವನ್ನು ಸಂಬಳ ಇಲ್ಲದೆ ಮಾಡುತ್ತಿವೆ. ತೂಕ ಎರಡು ಕಿಲೋ ಏರಿದ್ದು ಕಂಡು ಗಾಬರಿಯಾಗಬೇಡಿ. ಒಂದು ಕಿಲೋ ಕೊಬ್ಬು ಕೂಡಲು ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ನಾಲ್ಕು ದಿನದಲ್ಲಿ ಏರಿದ ತೂಕದಲ್ಲಿ ಹೆಚ್ಚಿನದು ಉಪ್ಪು ಹಿಡಿದಿಟ್ಟ ನೀರು, ದೇಹ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಮತ್ತು ಕರುಳಿನಲ್ಲಿ ಇನ್ನೂ ಇರುವ ಆಹಾರ. ಮಾಮೂಲು ಊಟಕ್ಕೆ ಬಂದರೆ ಒಂದು ವಾರದಲ್ಲಿ ಬಹುಪಾಲು ಇಳಿಯುತ್ತದೆ.

ಕೆಲವು ಗುರುತು ಕಂಡರೆ ಮಾತ್ರ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಜಿಡ್ಡಿನ ಊಟ ಆಗಿ ಒಂದೆರಡು ಗಂಟೆಗೆ ಬಲ ಪಕ್ಕೆಯ ಕೆಳಗೆ ಹಿಡಿದು ಬಲ ಭುಜದ ಕಡೆಗೆ ಹೋಗುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಚುಚ್ಚಿ ನಿಲ್ಲದ ನೋವು, ಅದರಲ್ಲೂ ಮದ್ಯ ಕುಡಿದವರಲ್ಲಿ, ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ರಕ್ತವಾಂತಿ, ಟಾರಿನಂಥ ಕಪ್ಪು ಮಲ ಆದರೆ ಅದೇ ದಿನ ಆಸ್ಪತ್ರೆ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಆ ವಾರವೇ ತೋರಿಸಿ. ಇದ್ಯಾವುದೂ ಇಲ್ಲ, ಆದರೆ ಹಬ್ಬ ಮುಗಿದು ಎರಡು ವಾರ ಕಳೆದರೂ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಎದೆಯುರಿ ಬರುತ್ತಿದೆ ಎಂದಾದರೆ ಆಗಲೂ ಒಮ್ಮೆ ವೈದ್ಯರನ್ನು ಕಾಣಿ. ಯಾವ ಮಾತ್ರೆಯನ್ನು ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂದು ಬರೆದುಕೊಂಡು, ಖಾಲಿ ಸ್ಟ್ರಿಪ್ಪನ್ನೂ ಜೊತೆಗೆ ತೆಗೆದುಕೊಂಡು ಹೋಗಿ.